ಮಾತು ಬಿಟ್ಟ ಮಷೀನು

ಕೆಟ್ಟು ನಿಂತ ಯಂತ್ರದ ಮೇಲೆ ನನಗೆ ಎಂದೂ ಸಿಟ್ಟು ಬಂದದ್ದಿಲ್ಲ. ಹೋಸ್ ಒಡೆದರೆ ಎಣ್ಣೆ ಸುರಿಯುವುದು ಕಣ್ಣಿಗೆ ಕಾಣುತ್ತದೆ, ಬೇರಿಂಗ್ ಸವೆದರೆ ಸದ್ದು ಕಿವಿಗೆ ಬೀಳುತ್ತದೆ. ಬಿಚ್ಚು, ಬದಲಿಸು, ಮನೆಗೆ ಹೋಗು. ನನ್ನ ಪಿತ್ತ ನೆತ್ತಿಗೇರಿಸುವುದು ಬೇರೆ ಜಾತಿಯ ಯಂತ್ರ. ಬೆಳಗಿನಿಂದ ಕಲ್ಲು ಒಡೆಯುತ್ತಿದ್ದ ಎಕ್ಸ್‌ಕವೇಟರ್ ಇದ್ದಕ್ಕಿದ್ದಂತೆ ಪರದೆಯ ಮೇಲೆ ‘ಕಮ್ಯುನಿಕೇಶನ್ ಎರರ್’ ಎಂದು ಬರೆದು ನಿಂತುಬಿಡುತ್ತದೆ. ನಾನು ನಾಸಿಕ್‌ನಿಂದ ಲ್ಯಾಪ್‌ಟಾಪ್ ಹೊತ್ತು, ಮೈತುಂಬ ಧೂಳು ಮೆತ್ತಿಕೊಂಡು ಅಲ್ಲಿಗೆ ಮುಟ್ಟುವಷ್ಟರಲ್ಲಿ ಏನೂ ನಡೆದೇ ಇಲ್ಲ ಎಂಬಂತೆ ಗುರುಗುಡುತ್ತ ಚಾಲೂ ಆಗಿರುತ್ತದೆ. ಸುತ್ತ ನಿಂತವರು ನನ್ನನ್ನು ನೋಡಿ ನಗುತ್ತಾರೆ. ಏನು ಹೇಳಲಿ! ಆಗ ಆ ಯಂತ್ರದ ಬಕೆಟ್ಟಿಗೆ ಒದೆಯಬೇಕು ಅನ್ನಿಸುತ್ತದೆ. ಒದ್ದೂ ಇದ್ದೇನೆ, ನೋವಾದದ್ದು ನನ್ನ ಕಾಲಿಗೇ.

ನಮ್ಮಪ್ಪ ಬ್ಯಾಂಕಿನವರು. ಧಾರವಾಡದಿಂದ ವರ್ಗವಾಗಿ ನಾಸಿಕ್‌ಗೆ ಬಂದವರು ಮತ್ತೆ ವರ್ಗ ಕೇಳಲೇ ಇಲ್ಲ, ಹಾಗಾಗಿ ನಾನು ಇಲ್ಲಿಯ ಮರಾಠಿ ಶಾಲೆಯಲ್ಲಿ ಓದಿ, ಮನೆಯಲ್ಲಿ ಧಾರವಾಡದ ಕನ್ನಡ ಆಡಿ ಬೆಳೆದೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ದೊಡ್ಡ ಯಂತ್ರಗಳನ್ನು ಮಾರಿ ಅವುಗಳ ಸರ್ವಿಸ್ ನೋಡಿಕೊಳ್ಳುವ ಒಂದು ಡೀಲರ್ ಬಳಿ ಸೇರಿದೆ. ಕರೆಂಟಿಗೆ ಸಂಬಂಧಿಸಿದ ತಲೆನೋವುಗಳೆಲ್ಲ ನನ್ನ ಪಾಲಿಗೆ. ಸೈಟಿನಲ್ಲಿ ಕಾರಿನಿಂದ ಹೆಣ್ಣುಮಗಳು ಇಳಿದದ್ದು ಕಂಡರೆ ಜನ ನನ್ನ ಹಿಂದೆ ಇಣುಕಿ ನೋಡುತ್ತಾರೆ, ಇನ್ನೂ ಒಬ್ಬ ಸಾಹೇಬ ಇಳಿಯಬಹುದು ಅಂತ. ಯಾರೂ ಇಳಿಯುವುದಿಲ್ಲ ಅಂತ ಖಾತ್ರಿಯಾದ ಮೇಲೆ ನನಗೆ ದಾರಿ ಬಿಡುತ್ತಾರೆ.

ಈಗಿನ ಎಕ್ಸ್‌ಕವೇಟರಿನೊಳಗೆ ಎಂಜಿನ್ನಿಗೆ ಒಂದು, ಹೈಡ್ರಾಲಿಕ್ ಪಂಪಿಗೆ ಒಂದು, ಚಾಲಕನ ಮುಂದಿನ ಪರದೆಗೆ ಒಂದು ಅಂತ ಸಣ್ಣ ಸಣ್ಣ ಕಂಪ್ಯೂಟರುಗಳಿವೆ. ಇವು ತಮ್ಮತಮ್ಮಲ್ಲಿ ಸದಾ ಮಾತಾಡುತ್ತಿರಬೇಕು. ಮಾತಾಡುವುದು ಎರಡೇ ತಂತಿಗಳ ಮೇಲೆ, ಒಂದು ಹಳದಿ, ಒಂದು ಹಸಿರು. ಆ ಎರಡನ್ನೂ ಹುರಿ ಹೊಸೆದ ಹಾಗೆ ಒಂದಕ್ಕೊಂದು ಸುತ್ತಿ ಉದ್ದಕ್ಕೂ ಒಯ್ದಿರುತ್ತಾರೆ. ಮಾತು ನಿಂತರೆ ಎಂಜಿನ್ನು ಹೆದರಿ ತಾನೇ ಆಫ್ ಆಗುತ್ತದೆ. ಎಲ್ಲಿ ನಿಂತಿತು, ಯಾರು ಮೊದಲು ಬಾಯಿ ಮುಚ್ಚಿದರು ಅಂತ ಹುಡುಕುವುದು ನನ್ನ ಹೊಟ್ಟೆಪಾಡು.

ಆ ಬೇಸಿಗೆಯಲ್ಲಿ ನನ್ನ ಪ್ರಾಣ ತಿಂದದ್ದು ಅಣ್ಣಾನ ಮಷೀನು. ಉಡುಪಿ ಕಡೆಯಿಂದ ಬಂದು ಹೋಟೆಲು ನಡೆಸುವವರನ್ನೆಲ್ಲ ಮಹಾರಾಷ್ಟ್ರದವರು ‘ಅಣ್ಣಾ’ ಅಂತಲೇ ಕರೆಯುವುದು, ನಾನೂ ಹಾಗೇ ಕರೆಯುತ್ತಿದ್ದೆ. ನಾಸಿಕ್‌ನ ಹೆದ್ದಾರಿ ಪಕ್ಕ ಅವರ ಸಸ್ಯಾಹಾರಿ ಹೋಟೆಲು, ಅಲ್ಲಿಯ ನೀರುದೋಸೆಗೆ ನಾನು ಕಾಯಂ ಗಿರಾಕಿ. ಯಾರೋ ಸಂಬಂಧಿಕರು ಕಿವಿ ಊದಿ, ಅಣ್ಣಾ ಒಂದು ಎಕ್ಸ್‌ಕವೇಟರ್ ಕೊಂಡು, ಛತ್ರಪತಿ ಸಂಭಾಜಿನಗರದ ಹೊರಗೆ ದೌಲತಾಬಾದ್ ಕಡೆಯ ರಸ್ತೆ ಅಗಲ ಮಾಡುವ ಕೆಲಸಕ್ಕೆ ಬಾಡಿಗೆಗೆ ಬಿಟ್ಟಿದ್ದರು. ಇಡ್ಲಿ ಹಿಟ್ಟು ಹುಳಿಯಾಯಿತೋ ಇಲ್ಲವೋ ಅಂತ ಮೂಗಿನಿಂದಲೇ ಹೇಳುವ ಮನುಷ್ಯ, ಎಕ್ಸ್‌ಕವೇಟರಿನ ಬಗ್ಗೆ ಮಾತ್ರ ತಲೆಬುಡ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದನ್ನು ಒಪ್ಪುವುದೂ ಇಲ್ಲ.

“ಸೆನ್ಸರ್ ಹೋಗಿದೆ ಮಾರಾಯ್ರೆ, ಒಂದು ಸೆನ್ಸರ್ ಹಾಕಿ ಬಿಡಿ,” ಅಂದರು ಫೋನಿನಲ್ಲಿ.

ಯಾವ ಸೆನ್ಸರ್ ಅಂದೆ. ಅದು ನಿಮಗೆ ಗೊತ್ತಿರಬೇಕು ಅಂದರು.

ಹೊರಟೆ. ಲಾಸಲಗಾಂವ್ ಕಡೆಗೆ ಈರುಳ್ಳಿ ಹೊತ್ತ ಟ್ರ್ಯಾಕ್ಟರುಗಳು ರಸ್ತೆ ಹಿಡಿದು ನಿಂತಿದ್ದವು, ಒಂದೂ ಅಲುಗಾಡಲಿಲ್ಲ. ಹಾರ್ನ್ ಹೊಡೆದೂ ಹೊಡೆದೂ ನನ್ನ ಅಂಗೈ ನೋಯುತ್ತಿತ್ತು. ಸೈಟ್ ಮುಟ್ಟುವಾಗ ಬಿಸಿಲು ನೆತ್ತಿ ಸುಡುತ್ತಿತ್ತು, ಎದುರಿಗೆ ಅಣ್ಣಾನ ಮಷೀನು ಕರಿಕಲ್ಲನ್ನು ಕಟಕಟ ಕುಟ್ಟುತ್ತಿತ್ತು, ಎಷ್ಟು ಚೆಂದವಾಗಿ ಅಂದರೆ ಮೈ ಉರಿದುಹೋಯಿತು.

ಕ್ಯಾಬಿನ್‌ನಿಂದ ಆಪರೇಟರ್ ಇಳಿದು ಬಂದ. ಮೂವತ್ತೈದರ ಆಸುಪಾಸು, ಬಾಯಿಗೆ ಟವೆಲ್ ಕಟ್ಟಿದ್ದ, ಟವೆಲ್ಲಿನ ಒಳಗೇ ಕೆಮ್ಮುತ್ತಿದ್ದ. ನಾನು ಮರಾಠಿಯಲ್ಲಿ ಶುರು ಮಾಡಿದೆ. ಅವನ ಮರಾಠಿಯ ನಡುವೆ ಒಂದು “ಯಪ್ಪಾ” ಸಿಡಿದದ್ದೇ ತಡ, ನಾನು ಯಾವ ಊರು ಅಂತ ಕನ್ನಡದಲ್ಲೇ ಕೇಳಿದೆ. ವಿಜಯಪುರ ಜಿಲ್ಲೆ, ಇಂಡಿ ಕಡೆಯವನು. ಕನ್ನಡ ಕೇಳಿದ್ದಕ್ಕೆ ಅವನ ಮುಖ ಅರಳಿತು, ಕೂಡಲೇ ಬಾಡಿತು.

“ಅಕ್ಕಾರ, ನನ್ನ ಕೈಯಾಗ ಅಷ್ಟ ಬಂದ್ ಬೀಳ್ತದ್ರಿ. ರಾತ್ರಿ ಪಾಳಿ ಆಪರೇಟರ್ ಇದ್ದಾಗ ಒಂದ್ಸಲಾನೂ ಬಿದ್ದಿಲ್ರಿ. ಅಣ್ಣಾರು ನಾನ ಬೇಕಂತ ಬಂದ್ ಮಾಡ್ತೀನಿ ಅಂತಾರ. ಕೆಲಸಗಳ್ಳ ಅಂತಾರ. ಈ ಶನಿವಾರ ತನಕ ನೋಡ್ತಾರಂತ, ಆಮ್ಯಾಗ ಬಿಡಸ್ತಾರಂತ.”

“ಬಿಡಸಿದ್ರ ಬ್ಯಾರೆ ಮಷೀನ್ ಹಿಡಿ.”

“ಯಾರ ಕೊಡ್ತಾರ್ರಿ? ಮಷೀನ್ ಕೆಡಸಾಂವ ಅಂತ ಒಬ್ಬ ಮಾಲಕ ಅಂದ್ರ ಸಾಕು, ಈ ಕಡೆ ಎಲ್ಲಾರೂ ಅದನ್ನ ಅಂತಾರ. ಮನ್ಯಾಗ ಹೆಂಡ್ತಿ, ಎರಡು ಹುಡುಗ್ರು, ನಮ್ಮವ್ವ. ಎಲ್ಲಾರೂ ಇದ ಕೆಲಸದ ಮ್ಯಾಗ ಅದಾರ್ರಿ.”

ಸರಿ, ಹಾಗಾದರೆ ಮಷೀನು ನಿಲ್ಲುವ ಹೊತ್ತಿಗೆ ಏನೇನು ಆನ್ ಇರುತ್ತದೆ, ಲೈಟು, ವೈಪರು, ಫ್ಯಾನು, ಎ.ಸಿ., ಎಲ್ಲ ಹೇಳು ಅಂದೆ.

“ಏನೂ ಹಚ್ಚಿರಂಗಿಲ್ರಿ,” ಅಂದ, ಎತ್ತಲೋ ನೋಡುತ್ತ.

ಬಾಗಿಲು ತೆರೆದಿಟ್ಟು, ಕೇಬಲ್ ಒಳಗೆ ಬಿಟ್ಟು, ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಹಳೆಯ ಎರರ್‌ಗಳು ಸಾಲಾಗಿ ಬಂದವು. ಎಲ್ಲರೂ ಎಲ್ಲರ ಮೇಲೂ ದೂರು ಹೇಳಿದ್ದರು. ಪರದೆಗೆ ಎಂಜಿನ್ನು ಉತ್ತರ ಕೊಡಲಿಲ್ಲ, ಎಂಜಿನ್ನಿಗೆ ಪಂಪು ಉತ್ತರ ಕೊಡಲಿಲ್ಲ, ಪಂಪಿಗೆ ಪರದೆ ಉತ್ತರ ಕೊಡಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗೇ ನೋಡಿದಂತಾಯಿತು. ಕೀ ತೆಗೆದು ಮೀಟರ್ ಹಿಡಿದೆ, ಎರಡು ತಂತಿಗಳ ನಡುವೆ ಅರವತ್ತು ಓಮ್, ಪುಸ್ತಕದಲ್ಲಿ ಇರುವಷ್ಟೇ. ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚಿ ಒರೆಸಿದೆ, ತಂತಿಗಳನ್ನು ಮುಚ್ಚಿದ ಕಪ್ಪು ಕೊಳವೆಯನ್ನು ಉದ್ದಕ್ಕೂ ಹಿಡಿದು ಅಲುಗಾಡಿಸಿದೆ. ಮಷೀನು ಮಾತಾಡುತ್ತಲೇ ಇತ್ತು. ಸಾಯಂಕಾಲದವರೆಗೆ ಕೂತೆ, ಅದು ಒಂದು ಸಲವೂ ಕೆಮ್ಮಲಿಲ್ಲ, ಕೆಮ್ಮಿದ್ದು ಆಪರೇಟರ್ ಒಬ್ಬನೇ.

ಮರುದಿನ ಊಟದ ಹೊತ್ತಿಗೆ ಮೊದಲೇ ಮತ್ತೆ ನಿಂತಿತು.

“ನೀವು ಹೋದ ಮೇಲೆ ಹೇಗೆ ನಿಲ್ತದೆ? ನೀವಿದ್ದಾಗ ಯಾಕೆ ನಿಲ್ಲುದಿಲ್ಲ? ಅವ ಮಾಡುದೇ, ಬೇರೆ ಎಂತದೂ ಅಲ್ಲ!” ಅಣ್ಣಾ ಫೋನಿನಲ್ಲಿ ಕೂಗಿದರು.

“ಅಣ್ಣಾರ, ಹಂಗ ಬೇಕಂತ ಮಾಡಿದ್ರ ಲ್ಯಾಪ್‌ಟಾಪ್‌ನಾಗ ಬ್ಯಾರೆ ಥರ ಕಾಣಸ್ತದ್ರಿ. ಇದು ಖರೇನ ಎರರ್.”

“ನಿಮ್ಮ ಲ್ಯಾಪ್‌ಟಾಪ್‌ಗೆ ಎಂತ ಗೊತ್ತುಂಟು ಮಾರಾಯ್ರೆ! ಮೂವತ್ತು ವರ್ಷದಿಂದ ಹುಡುಗರನ್ನು ಇಟ್ಟುಕೊಂಡು ಹೋಟೆಲ್ ಮಾಡ್ತಾ ಇದ್ದೇನೆ. ಕೆಲಸಕ್ಕೆ ಕಳ್ಳ ಬಿದ್ದವನ ಮುಖ ನನಗೆ ಗೊತ್ತಾಗ್ತದೆ.”

ಶುಕ್ರವಾರ ತಾವೇ ಬರುತ್ತೇನೆ ಅಂದರು, ನನ್ನ ಕಾರಿನಲ್ಲೇ. ದಾರಿಯುದ್ದಕ್ಕೂ ನನ್ನ ತಲೆ ತಿಂದರು. ವೈಜಾಪುರ ದಾಟುವಾಗ ಅವರು ಹೇಳಿದ ಒಂದು ಮಾತಿಗೆ ನಾನು ಬ್ರೇಕ್ ಒತ್ತುವುದರಲ್ಲಿದ್ದೆ.

“ನಾನು ಸುಮ್ಮನೆ ಕೂತಿಲ್ಲ. ಸಂಭಾಜಿನಗರದಲ್ಲಿ ಮಷೀನ್ ಇಟ್ಟಿರುವ ಒಬ್ಬರು ನಮ್ಮ ಪರಿಚಯದವರುಂಟು, ನಾಲ್ಕೈದು ಮಷೀನ್ ಅವರದ್ದು. ಅವರಿಗೆ ಹದಿನೈದು ದಿನದ ಹಿಂದೆಯೇ ಫೋನ್ ಮಾಡಿ ಹೇಳಿದ್ದೇನೆ, ಇಂಥ ಬಿಜಾಪುರದವ ಬಂದರೆ ಇಟ್ಟುಕೊಳ್ಳುದು ಬೇಡ ಅಂತ.”

“ಇನ್ನೂ ಏನೂ ಗೊತ್ತಾಗಿಲ್ಲ, ಆಗ್ಲೇ ಹೇಳಿಬಿಟ್ರ್ಯಾ?”

“ನಾಳೆ ಅವರಿಗೂ ಹೀಗೇ ಆಗುದು ಬೇಡ ಅಂತ ಹೇಳಿದ್ದು. ಒಳ್ಳೆದಕ್ಕೇ.”

ನಾನು ಹಲ್ಲು ಕಚ್ಚಿ ಗಾಡಿ ಓಡಿಸಿದೆ. ಬಾಯಿ ತೆಗೆದಿದ್ದರೆ ನೀರುದೋಸೆಯ ಋಣ ಅಲ್ಲೇ ಹರಿದುಹೋಗುತ್ತಿತ್ತು.

ಸೈಟಿನಲ್ಲಿ ಅಣ್ಣಾ ಬಿಸಿಲು ತಾಳಲಾರದೆ ರಸ್ತೆ ಬದಿಯ ಚಹಾ ಅಂಗಡಿಯ ನೆರಳಿಗೆ ಹೋಗಿ ಕೂತರು. ನಾನು ಆಪರೇಟರನನ್ನು ಕೆಳಗೆ ಇಳಿಸಿ ನಾನೇ ಸೀಟಿನಲ್ಲಿ ಕೂತೆ. ಅವನು ಹೊರಗೆ, ಮಷೀನು ಉರುಳುವ ಕಬ್ಬಿಣದ ಚೈನಿನ ಮೇಲೆ ನಿಂತ. ಪಕ್ಕದಲ್ಲಿ ಇನ್ನೊಂದು ಮಷೀನು ಕಲ್ಲು ಕುಟ್ಟುತ್ತಿತ್ತು, ಧೂಳು ಹಿಟ್ಟಿನ ಗಿರಣಿಯ ಹಾಗೆ ಒಳಗೆ ನುಗ್ಗಿತು. ಈ ಸಲ ಲ್ಯಾಪ್‌ಟಾಪಿನ ಕೇಬಲ್ಲನ್ನು ಕಿಟಕಿಯ ಸಂದಿನಿಂದ ಒಳಗೆ ಎಳೆದುಕೊಂಡು ಬಾಗಿಲು ಹಾಕಿಕೊಂಡೆ. ಗಾಜಿನ ಪೆಟ್ಟಿಗೆಯೊಳಗೆ ಬೇಯಲು ಶುರುವಾಯಿತು. ಬೆವರು ಕಣ್ಣಿಗಿಳಿದು ಪರದೆ ಮಸುಕಾಯಿತು. ಥೂ, ಯಾರಿಗೆ ಬೇಕು ಈ ಬಾಳು ಅಂತ ಎ.ಸಿ.ಯ ಗುಂಡಿಗೆ ಗುದ್ದಿದೆ.

ಟಕ್ ಅಂತು. ಪರದೆ ಕೆಂಪಾಯಿತು, ಪೀಂ ಅಂತ ಕೂಗಿತು, ಎಂಜಿನ್ನು ಸತ್ತಿತು.

“ಅದನ್ನ ಒತ್ತಬ್ಯಾಡ್ರಿ ಅಕ್ಕಾರ!” ಅಂತ ಹೊರಗಿನಿಂದ ಅವನು ಗಾಜು ಬಡಿದ. ಬಡಿದ ಕೈ ಅಲ್ಲೇ ನಿಂತುಹೋಯಿತು. ತಾನು ಏನು ಅಂದೆ ಅನ್ನುವುದು ಅವನಿಗೆ ಹೊಳೆದಿತ್ತು.

ನಾನು ಬಾಗಿಲು ಒದ್ದು ತೆಗೆದೆ.

“ನಿನಗ ಗೊತ್ತಿತ್ತು! ಎ.ಸಿ. ಹಚ್ಚಿದ್ರ ಬಂದ್ ಬೀಳ್ತದ ಅಂತ ಗೊತ್ತಿತ್ತು! ಏನೂ ಹಚ್ಚಿರಂಗಿಲ್ಲ ಅಂದಿ ನನ್ನ ಮುಂದ! ಇಡೀ ದಿನ ನಾ ಇಲ್ಲಿ ಕುಂತು ಕತ್ತೆ ಹಂಗ ದುಡದೆ. ನಿನಗೇನ ಮಜಾ ಅನಸ್ತೇನ?”

“ಅಣ್ಣಾರು ಎ.ಸಿ. ಹಚ್ಚಬ್ಯಾಡ ಅಂದಾರ್ರಿ. ಡೀಸೆಲ್ ಸುಡ್ತದಂತ. ಹಚ್ಚಿದ್ದು ಗೊತ್ತಾದ್ರ ಅವತ್ತ ಬಿಡಸ್ತೀನಿ ಅಂದಾರ.”

“ಹಂಗಾರ ಯಾಕ ಹಚ್ಚಿದಿ? ಬ್ಯಾಡ ಅಂದ್ರ ಬಿಡಬೇಕಿಲ್ಲ?”

“ಬಿಟ್ಟಿದ್ನಿರಿ. ಖಿಡಕಿ ತಗದ್ರ ಧೂಳ ಎದಿಯಾಗ ಕುಂದರ್ತದ. ಮುಚ್ಚಿದ್ರ ಉಸಿರು ಕಟ್ಟತದ. ಮೊನ್ನೆ ಕೆಮ್ಮಿದ್ರ ಕಫದಾಗ ಕರಿ ಕಲ್ಲಿನ ಪುಡಿ ಬಂತ್ರಿ.” ಟವೆಲ್ ಬಿಚ್ಚಿ ತೋರಿಸಲು ಹೋದ, ನಾನು ಬೇಡ ಅಂದೆ. “ಹೇಳಬ್ಯಾಡ್ರಿ ಅಕ್ಕಾರ, ಕೈ ಮುಗಿತೀನಿ. ಬ್ಯಾರೆ ಏನರ ಹೇಳ್ರಿ.”

ಅವನ ಮೇಲೆ ಬಂದ ಸಿಟ್ಟು ಅರ್ಧಕ್ಕೇ ತಿರುಗಿ ಚಹಾ ಅಂಗಡಿಯ ಕಡೆ ಹೊರಟಿತು. ರಾತ್ರಿ ಪಾಳಿಯವನಿಗೆ ಎ.ಸಿ. ಬೇಕಿಲ್ಲ, ಆಗ ತಂಪು, ಆಗ ಕಲ್ಲು ಕುಟ್ಟುವ ಕೆಲಸವೂ ಇಲ್ಲ, ಬರೀ ಮಣ್ಣು ತುಂಬುವುದು. ನಾನು ಬಂದಾಗ ಬಾಗಿಲು ತೆರೆದಿರುತ್ತದೆ, ಎ.ಸಿ. ಆಫ್ ಇರುತ್ತದೆ. ಸರಿಹೋಯಿತು. ಈಗ ನನ್ನ ಮುಂದೆ ಇದ್ದದ್ದು ಒಂದೇ ಪ್ರಶ್ನೆ. ಹೋಗಿ ‘ಎ.ಸಿ. ಹಾಕಿದರೆ ನಿಲ್ಲುತ್ತದೆ’ ಅಂತ ಹೇಳಿದರೆ ಅಣ್ಣಾ ‘ನೋಡಿ, ಅವನದೇ ತಪ್ಪು’ ಅನ್ನುತ್ತಾರೆ, ಆಪರೇಟರನ ಕೆಲಸ ಇವತ್ತೇ ಹೋಗುತ್ತದೆ. ಎ.ಸಿ.ಗೂ ಎಂಜಿನ್ನಿನ ಮಾತಿಗೂ ಏನು ಸಂಬಂಧ ಅನ್ನುವುದು ಕೈಗೆ ಸಿಗುವ ತನಕ ನಾನು ಬಾಯಿ ತೆಗೆಯುವ ಹಾಗಿರಲಿಲ್ಲ.

ಕ್ಯಾಬಿನ್ ಹಿಂದಿನ ಮುಚ್ಚಳ ಬಿಚ್ಚಿದೆ. ಎ.ಸಿ. ಕಂಪ್ರೆಸರಿಗೆ ಹೋಗುವ ತಂತಿ ಕಪ್ಪು ಕೊಳವೆಯೊಳಗೆ ಹೊಕ್ಕಿತ್ತು. ಕಂಪನಿಯಿಂದ ಬಂದಾಗ ಅದು ಬೇರೆ ದಾರಿಯಲ್ಲಿ ಹೋಗುತ್ತದೆ. ಚಾಕು ಹಾಕಿ ಕೊಳವೆಯನ್ನು ಉದ್ದಕ್ಕೆ ಸೀಳಿದೆ. ಒಳಗೆ ನೋಡಿ, “ಅಯ್ಯ ನಿನ್ನ!” ಅಂತ ಜೋರಾಗಿಯೇ ಅಂದುಬಿಟ್ಟೆ.

ಹಳದಿ ಮತ್ತು ಹಸಿರು ತಂತಿಗಳು ಅಲ್ಲಿ ಹೊಸ ತಂತಿಗಳು. ಯಾರೋ ಹಳೆಯದನ್ನು ಕತ್ತರಿಸಿ, ಒಳ್ಳೆಯ ಬೆಸುಗೆ ಹಾಕಿ, ಮೇಲೆ ಟೇಪು ಸುತ್ತಿದ್ದರು. ಆದರೆ ಒಂದಕ್ಕೊಂದು ಸುತ್ತಿರಲಿಲ್ಲ. ಎರಡನ್ನೂ ಕೋಲಿನ ಹಾಗೆ ನೆಟ್ಟಗೆ, ಪಕ್ಕಪಕ್ಕದಲ್ಲಿ, ಎ.ಸಿ. ತಂತಿಯ ಜೊತೆ ಸೇರಿಸಿ ಗೇಣು ಗೇಣಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದು ಕೂರಿಸಿದ್ದರು. ಇಷ್ಟು ಅಚ್ಚುಕಟ್ಟಾದ ಕೆಲಸ ನಾನು ಸೈಟಿನಲ್ಲಿ ಕಂಡದ್ದೇ ಇಲ್ಲ. ಆ ಅಚ್ಚುಕಟ್ಟೇ ನನ್ನ ಜೀವ ಹಿಂಡಿದ್ದು. ತಂತಿಗಳನ್ನು ಹೊಸೆಯುವುದು ಚೆಂದಕ್ಕಲ್ಲ. ಹೊಸೆದಿದ್ದರೆ ಹೊರಗಿನ ಗದ್ದಲ ಎರಡಕ್ಕೂ ಒಂದೇ ಸಮನಾಗಿ ತಗಲುತ್ತದೆ. ಕಂಪ್ಯೂಟರುಗಳು ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ನೋಡುವುದರಿಂದ ಆ ಗದ್ದಲ ಅವಕ್ಕೆ ಕೇಳಿಸುವುದಿಲ್ಲ. ಬಿಚ್ಚಿ ನೆಟ್ಟಗೆ ಮಾಡಿದರೆ, ಪಕ್ಕದಲ್ಲಿ ಎ.ಸಿ. ಟಕ್ ಅಂದ ಕ್ಷಣ ಯಾರ ಮಾತು ಯಾರಿಗೂ ಕೇಳಿಸದು. ಮೀಟರಿಗೆ ಇದೆಲ್ಲ ಗೊತ್ತಾಗುವುದಿಲ್ಲ, ಅದು ಅರವತ್ತು ಅಂತಲೇ ತೋರಿಸುತ್ತದೆ.

“ಇದನ್ನ ಯಾರ ಮಾಡಿದ್ರು?” ಅಂತ ಆಪರೇಟರನನ್ನು ಕೇಳಿದೆ.

ಹೋಳಿಯ ಸುಮಾರಿಗೆ ಇಲಿ ತಂತಿ ಕಡಿದಿತ್ತಂತೆ. ಊರೊಳಗಿನ ಆಟೋ ಇಲೆಕ್ಟ್ರಿಷಿಯನ್ ಒಬ್ಬನನ್ನು ಅಣ್ಣಾ ಫೋನಿನಲ್ಲೇ ಗೊತ್ತು ಮಾಡಿ ಕಳಿಸಿದ್ದರಂತೆ. ಆಗಿನಿಂದಲೇ ಅಲ್ಲವೇ ಮಷೀನು ನಿಲ್ಲಲು ಶುರುವಾದದ್ದು ಅಂದೆ. ಯೋಚಿಸಿ, ಹೌದ್ರಿ, ಬಿಸಿಲು ಜೋರಾಗಿ ಎ.ಸಿ. ಹಚ್ಚಿದ್ದೂ ಆಗಲೇ ಅಂದ. ಚಹಾ ಅಂಗಡಿಯ ಕಡೆ ಕೈ ಬೀಸಿ ಅಣ್ಣಾನನ್ನು ಕರೆದೆ. ಅವರು ಕರ್ಚೀಫು ತಲೆಗೆ ಹಾಕಿಕೊಂಡು ಬಂದರು. ಇಲೆಕ್ಟ್ರಿಷಿಯನ್ ನಂಬರ್ ಅವರ ಫೋನಿನಲ್ಲೇ ಇತ್ತು, ಹಚ್ಚಿಸಿ ಸ್ಪೀಕರಿಗೆ ಹಾಕಿಸಿದೆ.

ಹೊಸೆದ ತಂತಿಯನ್ನು ಯಾಕಪ್ಪಾ ಬಿಚ್ಚಿದೆ ಅಂತ ಮರಾಠಿಯಲ್ಲಿ ಕೇಳಿದೆ. ಆ ಮನುಷ್ಯನಿಗೆ ಆಶ್ಚರ್ಯವೇ ಆಯಿತು.

“ಅಣ್ಣಾಂನೀಚ್ ಸಾಂಗಿತಲಂ ನಾ, ಸಗಳಂ ವಾಯರಿಂಗ್ ಸರಳ ಕರೂನ್ ಟಾಕ್ ಮ್ಹಣೂನ್! ಮಗ ಮೀ ಸರಳ ಕೇಲಂ.”

ಅಣ್ಣಾನೇ ಹೇಳಿದ್ದರು, ಇಡೀ ವೈರಿಂಗನ್ನು ಸರಳ ಮಾಡಿಬಿಡು ಅಂತ, ನಾನು ಸರಳ ಮಾಡಿದೆ. ಅಷ್ಟೇ ಅವನ ಉತ್ತರ.

ನನಗೆ ಅರ್ಥವಾಗಲು ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಒಂದನೇ ಇಯತ್ತೆಯಲ್ಲಿ ಮರಾಠಿ ಟೀಚರ್ ‘ಸರಳ ಬಸ್’ ಅಂದಾಗ, ಸರಳವಾಗಿ ಕೂರಬೇಕು ಅಂದುಕೊಂಡು ತಲೆಯ ಕೆಂಪು ರಿಬ್ಬನ್ ಬಿಚ್ಚಿ ಪಾಟಿಚೀಲದೊಳಗೆ ಹಾಕಿ ಕೂತವಳು ನಾನು. ಇಡೀ ವರ್ಗ ನಕ್ಕಿತ್ತು. ಮರಾಠಿಯಲ್ಲಿ ಸರಳ ಅಂದರೆ ನೆಟ್ಟಗೆ, ಡೊಂಕಿಲ್ಲದ್ದು. ಅಣ್ಣಾ ಮೂವತ್ತು ವರ್ಷದಿಂದ ಕನ್ನಡಕ್ಕೇ ಮರಾಠಿಯ ಅಂಗಿ ತೊಡಿಸಿ ಹೋಟೆಲು ನಡೆಸಿದವರು. ಹುಡುಗರು ಅವರ ಮಾತನ್ನು ಅಂದಾಜಿನ ಮೇಲೆ ತಿಳಿದುಕೊಳ್ಳುತ್ತಿದ್ದರು, ಹೋಟೆಲಿನಲ್ಲಿ ಅಂದಾಜು ನಡೆಯುತ್ತದೆ. ಆ ಇಲೆಕ್ಟ್ರಿಷಿಯನ್ ಪಾಪ ಕೇಳಿದ್ದನ್ನು ಕೇಳಿದ ಹಾಗೆಯೇ ಮಾಡಿದ್ದ. ಡೊಂಕಾಗಿ ಸುತ್ತಿಕೊಂಡ ಎರಡೇ ತಂತಿ ಇದ್ದವು, ಅವನ್ನು ನೆಟ್ಟಗೆ ಮಾಡಿದ.

“ಅಣ್ಣಾರ, ನೀವು ಏನ ಹೇಳಿದ್ರಿ ಅವಗ?”

“ಎಂತ ಹೇಳುದು? ಅವ ಫೋಟೋ ಕಳಿಸಿದ, ಒಳಗೆ ಎಲ್ಲ ಗೋಜಲು. ಸಿಂಪಲ್ ಮಾಡು ಮಾರಾಯ, ಹೆಚ್ಚು ರಾಮಾಯಣ ಬೇಡ ಅಂತ ಹೇಳಿದ್ದು. ಸರಳ ಮಾಡು ಅಂದೆ. ತಪ್ಪೆಂತ?”

ನಾನು ತಪ್ಪೇನು ಅನ್ನುವುದನ್ನು ಬಿಡಿಸಿ ಬಿಡಿಸಿ ಹೇಳಿದೆ, ಸೀಳಿದ ಕೊಳವೆಯನ್ನು ಕೈಗೆ ಕೊಟ್ಟು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು, ಇಡ್ಲಿ ಹಿಟ್ಟಿನ ವಾಸನೆ ನೋಡುವ ಮುಖ ಮಾಡಿಕೊಂಡು. ಆಮೇಲೆ ತಲೆ ಎತ್ತಿ ಆಪರೇಟರನನ್ನು ನೋಡಿದರು.

“ಅಂದ್ರೆ ಇವ ಎ.ಸಿ. ಹಾಕ್ತಾ ಇದ್ದ.”

ಇಷ್ಟೆಲ್ಲ ಹೇಳಿದ ಮೇಲೆ ಈ ಮನುಷ್ಯನ ಕೈಗೆ ಸಿಕ್ಕಿದ್ದು ಇದೊಂದೇ! ನನಗೆ ರೋಸಿಹೋಯಿತು.

“ಹೌದ್ರಿ, ಹಾಕ್ತಿದ್ದ! ನೀವು ಒಂದು ತಾಸು ಈ ಡಬ್ಬಿಯೊಳಗ ಬಾಗ್ಲಾ ಹಾಕ್ಕೊಂಡು ಕುಂದ್ರಿ, ಹೊರಗ ಬಂದ ಮ್ಯಾಲೆ ಎ.ಸಿ. ಸುದ್ದಿ ಮಾತಾಡೋಣು. ಅವನ ಕಫದಾಗ ನಿಮ್ಮ ಕಲ್ಲಿನ ಪುಡಿ ಬರ್ಲಿಕ್ಕತ್ತದ. ಡೀಸೆಲ್ ಅಂತ, ಡೀಸೆಲ್! ನಿಮ್ಮ ಹೋಟೆಲ್‌ನಾಗ ಅಡಗಿ ಭಟ್ಟರಿಗೆ ಫ್ಯಾನ್ ಹಚ್ಚಬ್ಯಾಡ್ರಿ ಅಂದ್ರ ಒಬ್ರರ ಉಳೀತಾರೇನು?”

ಅಣ್ಣಾ ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. ನಾನು ಕಾರಿನಿಂದ ಹೊಸ ತಂತಿ ತಂದೆ. ಎರಡೂ ತಂತಿಗಳ ಒಂದು ತುದಿಯನ್ನು ಡ್ರಿಲ್ ಮಷೀನಿನ ಬಾಯಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಆಪರೇಟರನ ಕೈಗೆ ಕೊಟ್ಟು ಡ್ರಿಲ್ ತಿರುಗಿಸಿದೆ. ಹಳದಿ ಹಸಿರು ಗರಗರ ಹೊಸೆದುಕೊಂಡವು. ಬೆಸೆದು ಕೂರಿಸಿ, ಎ.ಸಿ.ಯ ತಂತಿಯನ್ನು ದೂರದ ದಾರಿಯಲ್ಲಿ ಒಯ್ದೆ. ಆಪರೇಟರನನ್ನು ಹತ್ತಿಸಿ, ಬಾಗಿಲು ಹಾಕಿಸಿ, ಎ.ಸಿ. ಜೋರು ಮಾಡಿ ಕಲ್ಲು ಒಡಿ ಅಂದೆ. ಅವನು ಮೊದಲು ಅಣ್ಣಾನ ಮುಖ ನೋಡಿದ, ನಂತರ ಗುಂಡಿ ಒತ್ತಿದ. ಮಧ್ಯಾಹ್ನವೆಲ್ಲ ಒಡೆದ. ನಾನು ಲ್ಯಾಪ್‌ಟಾಪ್ ಮುಂದೆ ಕೂತು ಕಾದೆ, ಒಂದೂ ಎರರ್ ಬರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಮಷೀನ್ ನಿಲ್ಲಿಸು ಅಂದೆ. ಅವನು ಕೀ ತೆಗೆದು ನನ್ನ ಕೈಗೆ ಕೊಟ್ಟ.

“ಆಯ್ತು ಬಿಡಿ, ಕೆಲಸ ಆಯ್ತಲ್ಲ,” ಅಂದರು ಅಣ್ಣಾ. “ಇವ ಇರ್ಲಿ. ನಾಳೆಯಿಂದ ಬರ್ಲಿ.”

“ಆಗಿಲ್ರಿ. ನಿಮ್ಮ ಪರಿಚಯದವ್ರಿಗೆ ಫೋನ್ ಹಚ್ರಿ. ಮಷೀನ್ ಕೆಡಸಾಂವ ಅಂತ ಹೇಳೀರಲ್ಲ, ಅಲ್ಲ ಅಂತ ಹೇಳ್ರಿ. ಹೇಳೋ ತನಕ ಈ ಕೀ ನನ್ನ ಕಡೆನ ಇರ್ತದ.”

“ಅದೆಲ್ಲ ಈಗ ಎಂತಕ್ಕೆ ಮಾರಾಯ್ರೆ? ಅವರು ಮರ್ತೂ ಬಿಟ್ಟಿರ್ತಾರೆ.”

ಆಪರೇಟರ್ ನಮ್ಮಿಬ್ಬರನ್ನೂ ನೋಡಿದ. ಫೋನಿನ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. “ಯಾರಿಗ್ರಿ? ಏನಂತ ಹೇಳೀರಿ ಅಣ್ಣಾರ?” ಅಂದ. ನಾನು ಕೀಯನ್ನು ಮುಷ್ಟಿಯಲ್ಲಿ ಹಿಡಿದು ಅಣ್ಣಾನ ಫೋನನ್ನೇ ದಿಟ್ಟಿಸಿ ನಿಂತೆ. ಕೊನೆಗೆ ಹಚ್ಚಿದರು. ಸ್ಪೀಕರ್ ಅಂದೆ. ಅದನ್ನೂ ಹಾಕಿದರು.

ಆಚೆಯವರು ಒಳ್ಳೆ ಮೂಡಿನಲ್ಲಿದ್ದರು, ಮರಾಠಿಯಲ್ಲಿ ಯೋಗಕ್ಷೇಮ ಕೇಳಿದರು. ‘ನಾನು ಒಬ್ಬ ಆಪರೇಟರ್ ಬಗ್ಗೆ ಹೇಳಿದ್ದೆನಲ್ಲ, ಅದು ಅವನ ತಪ್ಪಲ್ಲ, ವೈರಿನ ತಪ್ಪು’ ಅಂದರು ಅಣ್ಣಾ, ಒಂದೇ ಉಸಿರಿಗೆ. ಆಚೆಯಿಂದ ನಗು ಕೇಳಿತು.

“ಅವನು ಯಾವನು ಅಂತ ನನಗೇನು ಗೊತ್ತು ಅಣ್ಣಾ? ನೀವು ಬಿಜಾಪುರದವ ಅಂದಿರಿ. ಅವತ್ತಿನಿಂದ ನಾನು ಆ ಕಡೆಯವರನ್ನು ಯಾರನ್ನೂ ಇಟ್ಟುಕೊಂಡಿಲ್ಲ. ಹೋದ ವಾರ ಒಬ್ಬ ಒಳ್ಳೆಯ ಹುಡುಗ ಬಂದಿದ್ದ, ಇಂಡಿಯವನಂತೆ. ವಾಪಸ್ ಕಳಿಸಿದೆ. ಉಳಿದ ಮಾಲಕರಿಗೂ ಹೇಳಿದ್ದೇನೆ, ಚಿಂತೆ ಮಾಡಬೇಡಿ.”

ಆಪರೇಟರನಿಗೆ ಮರಾಠಿ ಚೆನ್ನಾಗಿಯೇ ಬರುತ್ತಿತ್ತು. ಚೈನಿನ ಮೇಲೆ ಕುಳಿತಿದ್ದವನು ಎದ್ದು ನಿಂತ.

“ಅಂವ ನಮ್ಮ ತಂಗಿ ಗಂಡ ಇದ್ನಿರಿ,” ಅಂದ ನನಗೆ. “ನಾನ ಕರಸಿದ್ನಿ ಊರಿಂದ. ಕೆಲಸ ಐತಿ ಬಾ ಅಂತ. ಯಾಕ ಬ್ಯಾಡಂದ್ರು ಅಂತ ಅಂವಗ ತಿಳೀಲಿಲ್ಲ, ನನಗೂ ತಿಳೀಲಿಲ್ಲ. ನಿನಗ ಮಾತಾಡಾಕ ಬರಂಗಿಲ್ಲ ಅಂತ ನಾ ಅವಗ ಬೈದ ಕಳಿಸಿದೆ.”

ಇಷ್ಟು ಹೊತ್ತು ಅರಚಿದವಳಿಗೆ ಒಂದು ಬೈಗುಳವೂ ಹೊಳೆಯಲಿಲ್ಲ. ಅಣ್ಣಾ ಫೋನನ್ನು ಕಟ್ ಮಾಡಲು ಹೋದರು.

“ಕಟ್ ಮಾಡಬ್ಯಾಡ್ರಿ ಅಣ್ಣಾರ,” ಅಂದ ಆಪರೇಟರ್. ಕೈ ಮುಗಿದಿರಲಿಲ್ಲ ಈ ಸಲ. “ಆ ಕಡೆಯವರು ಅಂತ ಅನ್ನಬ್ಯಾಡ್ರಿ. ನನ್ನ ಹೆಸರ ತಗೊಂಡು ಹೇಳ್ರಿ. ತಪ್ಪ ನನ್ನದಲ್ಲ ಅಂತ ನನ್ನ ಹೆಸರಿಂದ ಹೇಳ್ರಿ. ನಮ್ಮ ತಂಗಿ ಗಂಡನ ಹೆಸರೂ ಹೇಳ್ರಿ.”

ಅಣ್ಣಾ ಫೋನನ್ನು ಬಾಯಿಯ ಹತ್ತಿರ ಒಯ್ದರು. ಆಚೆಯಿಂದ ಹಲೋ, ಹಲೋ ಅಂತ ಕೂಗುತ್ತಿದ್ದರು. ಎರಡು ವರ್ಷದಿಂದ ತಮ್ಮ ಮಷೀನ್ ನಡೆಸಿದವನ ಕಡೆಗೆ ತಿರುಗಿ, ಸ್ಪೀಕರಿನ ಮೇಲೆ ಅಂಗೈ ಮುಚ್ಚಿ, ದನಿ ತಗ್ಗಿಸಿ ಕೇಳಿದರು:

“ನಿನ್ನ ಹೆಸರು ಎಂತ ಹೇಳಿದ್ದು?”

ಅವನು ಹೇಳಿದ. ತನ್ನದು, ಅಪ್ಪನದು, ಮನೆತನದ್ದು, ಊರಿನದು. ಅಣ್ಣಾ ಅಂಗೈ ತೆಗೆದು ಅದನ್ನು ಫೋನಿಗೆ ಹೇಳಿದರು, ತಪ್ಪಾಗಿ ಹೇಳಿದರು. ಅವನು ಮತ್ತೆ ಹೇಳಿಕೊಟ್ಟ. ಅಣ್ಣಾ ಮತ್ತೆ ಹೇಳಿದರು.